ಬಿದ್ದ ಮರದ ಮೇಲಿನ ಲೋಳೆ ಅಣಬೆ: ಸೂಕ್ಷ್ಮದರ್ಶಕದಲ್ಲಿ ಗುರುತಿಸುವ ಬಗೆ

ಮಲೆನಾಡಿನಲ್ಲಿ ಮಳೆ ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ, ತೋಟದ ಅಂಚಿನಲ್ಲಿ ಬಿದ್ದ ಹಲಸಿನ ದಿಮ್ಮಿ, ಕೊಳೆಯುತ್ತಿರುವ ಮಾವಿನ ಕೊಂಬೆ, ಹಳೆಯ ಬೇಲಿಗೂಟ ಎಲ್ಲದರ ಮೇಲೂ ಲೋಳೆಯಂಥ ಅಣಬೆಗಳು ಮೂಡತೊಡಗುತ್ತವೆ. ಕೆಲವು ಕಂದು ಬಣ್ಣದ ಕಿವಿಯಂತೆ ನೇತಾಡುತ್ತವೆ, ಕೆಲವು ಹಳದಿ ಹನಿಗಳಂತೆ ಸಾಲಾಗಿ ಕೂತಿರುತ್ತವೆ, ಅಪರೂಪಕ್ಕೆ ಒಂದು ಹಾಲುಬಿಳುಪಿನ ಹೂವಿನಂತೆ ಅರಳಿರುತ್ತದೆ. ಬಿಸಿಲು ಬಂದರೆ ಇವೆಲ್ಲ ಕಾಗದದಷ್ಟು ತೆಳ್ಳಗೆ ಒಣಗಿ ತೊಗಟೆಗೆ ಅಂಟಿಕೊಳ್ಳುತ್ತವೆ. ಮತ್ತೆ ಮಳೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ಉಬ್ಬಿ ಬೀಜಕಗಳನ್ನು ಚಿಮ್ಮಿಸಲು ಆರಂಭಿಸುತ್ತವೆ. ಸಾಮಾನ್ಯ ಕೊಡೆ ಅಣಬೆಗೆ ಈ ಶಕ್ತಿ ಇರುವುದು ಅಪರೂಪ. ಎಳೆಗಳ ನಡುವೆ ತುಂಬಿರುವ, ನೀರನ್ನು ಹಿಡಿದಿಟ್ಟುಕೊಳ್ಳುವ ಪಾಲಿಸ್ಯಾಕರೈಡ್ ಲೋಳೆಯೇ ಇದಕ್ಕೆ ಕಾರಣ.

ಈ ಲೋಳೆಯೇ ಗುರುತಿಸುವವರಿಗೆ ಮೊದಲ ತೊಡಕೂ ಹೌದು. ನೀರು ಹೆಚ್ಚಿದ್ದಾಗ ಒಂದು ಆಕಾರ, ಕಡಿಮೆಯಾದಾಗ ಇನ್ನೊಂದು. ಎಳೆಯದಾಗಿದ್ದಾಗ ಒಂದು ಬಣ್ಣ, ಹಳೆಯದಾದಾಗ ಬೇರೆ. ನಾನು ಈ ಅಣಬೆಗಳನ್ನು ನೋಡಲು ಆರಂಭಿಸಿದ ಮೊದಲ ಎರಡು ಮಳೆಗಾಲ, ಕಣ್ಣಿಗೆ ಬಿದ್ದ ಹಳದಿ ಮುದ್ದೆಗಳನ್ನೆಲ್ಲ ಟ್ರೆಮೆಲ್ಲಾ ಎಂಬ ಲೋಳೆ ಅಣಬೆಯ ಕುಲಕ್ಕೆ ಸೇರಿದವೆಂದೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಒಣಗಿಸಿಟ್ಟಿದ್ದ ಆ ತುಣುಕುಗಳನ್ನು ಮುಂದೆ ನೆನೆಸಿ ಸೂಕ್ಷ್ಮದರ್ಶಕದಡಿ ಇಟ್ಟಾಗ, ಒಂದರಲ್ಲೂ ಟ್ರೆಮೆಲ್ಲಾದ ಲಕ್ಷಣ ಇರಲಿಲ್ಲ. ಎಲ್ಲವೂ ಬೇರೊಂದು ವರ್ಗಕ್ಕೆ ಸೇರಿದವಾಗಿದ್ದವು. ಲೋಳೆ ಅಣಬೆಯ ವಿಚಾರದಲ್ಲಿ ನಂಬಬೇಕಾದದ್ದು ಬೆಸಿಡಿಯಮ್ ಅನ್ನು, ಎಂದರೆ ಬೀಜಕಗಳನ್ನು ಹೊರುವ ಆ ಪುಟ್ಟ ಕೋಶವನ್ನು. ಫ್ರೆಂಚ್ ವಿಜ್ಞಾನಿ ಲೂಯಿ ರೆನೆ ತುಲಾನ್ 1853ರಲ್ಲೇ ಟ್ರೆಮೆಲ್ಲಾದ ಬೆಸಿಡಿಯಮ್ ಗೋಡೆಗಳಿಂದ ಭಾಗವಾಗಿರುವುದನ್ನು ವಿವರಿಸಿದ್ದರು. ಅಂದಿನಿಂದ ಇಂದಿನವರೆಗೂ ಈ ಗುಂಪನ್ನು ಬಿಡಿಸಿ ನೋಡುವ ಮೊದಲ ಕೀಲಿ ಅದೇ ಆಗಿದೆ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಆ ಕೋಶವನ್ನು ಸ್ಪಷ್ಟವಾಗಿ ಕಾಣುವುದಕ್ಕಾಗಿಯೇ ಇರುವಂಥವು.

ದಿಮ್ಮಿಯ ಬಳಿ

ಅಣಬೆಗೆ ಕೈ ಹಚ್ಚುವ ಮೊದಲು ಅದು ಇದ್ದ ಹಾಗೆಯೇ ಚಿತ್ರ ತೆಗೆಯಿರಿ: ಮೇಲಿನಿಂದ ಒಂದು, ಪಕ್ಕದಿಂದ ಒಂದು, ಅಡಿಭಾಗದ್ದು ಒಂದು, ಅಳತೆಗಾಗಿ ಪಕ್ಕದಲ್ಲಿ ಸ್ಕೇಲ್ ಇಟ್ಟು ಮತ್ತೊಂದು. ಮರ ಯಾವುದು, ತೊಗಟೆ ಉಳಿದಿದೆಯೇ, ಅಣಬೆ ಹುಟ್ಟಿರುವುದು ತೊಗಟೆಯ ಮೇಲೋ ಅಥವಾ ಬತ್ತಲಾದ ಮರದ ಮೇಲೋ ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಇದಕ್ಕಿಂತ ಮುಖ್ಯವಾದದ್ದು ಸುತ್ತಲಿನ ಒಂದು ಗೇಣು ಜಾಗ. ಟ್ರೆಮೆಲ್ಲಾ ಜಾತಿಯ ಅಣಬೆಗಳು ಮರವನ್ನು ತಿನ್ನುವುದಿಲ್ಲ, ಮರವನ್ನು ತಿನ್ನುವ ಬೇರೆ ಶಿಲೀಂಧ್ರಗಳ ಮೇಲೆ ಬದುಕುತ್ತವೆ. ಬಿಳಿ ಹೂವಿನಂಥ ಟ್ರೆಮೆಲ್ಲಾ ಫ್ಯೂಸಿಫಾರ್ಮಿಸ್‌ನ ಪಕ್ಕದಲ್ಲಿ, ಇದ್ದಿಲಿನ ಹುಡಿ ಮೆತ್ತಿದಂತೆ ಕಾಣುವ ಆನ್ಯುಲೋಹೈಪಾಕ್ಸಿಲಾನ್ ಎಂಬ ಕಪ್ಪು ಶಿಲೀಂಧ್ರ ಇರುವ ಸಂಭವ ಹೆಚ್ಚು. ಹಳದಿ ಬಣ್ಣದ ಟ್ರೆಮೆಲ್ಲಾ ಮೆಸೆಂಟೆರಿಕಾ ಬೆಳೆಯುವುದು ತೊಗಟೆಗೆ ಬಣ್ಣ ಬಳಿದಂತೆ ಹರಡುವ ಪೆನಿಯೋಫೊರಾದ ಮೇಲೆ. ಆದ್ದರಿಂದ ಅಣಬೆಯನ್ನಷ್ಟೇ ಕಿತ್ತು ತರದೆ, ಕೆಳಗಿನ ತೊಗಟೆ ಮತ್ತು ಒಂದಿಷ್ಟು ಮರ ಸೇರುವಂತೆ ಚಾಕುವಿನಿಂದ ಕೆತ್ತಿ ತೆಗೆಯಬೇಕು. ಹಾಗೆ ತರದೆ ಹೋದರೆ ಅಣಬೆಯ ಅರ್ಧ ಕಥೆಯನ್ನು ಕಾಡಿನಲ್ಲೇ ಬಿಟ್ಟುಬಂದಂತೆ.

ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಲೋಳೆ ಅಣಬೆ ಒಂದೇ ರಾತ್ರಿಯಲ್ಲಿ ಬ್ಯಾಕ್ಟೀರಿಯಾದಿಂದ ಕರಗಿ ನೀರಾಗುತ್ತದೆ. ಸಣ್ಣ ಡಬ್ಬಿಯ ತಳಕ್ಕೆ ಪಾಚಿ ಅಥವಾ ಒದ್ದೆ ಕಾಗದ ಹಾಕಿ, ಒಂದು ಡಬ್ಬಿಗೆ ಒಂದೇ ಮಾದರಿ ಎಂಬಂತೆ ಇಡುವುದು ಒಳ್ಳೆಯದು.

ಸಂಗ್ರಹಕ್ಕೆ ನಿಮ್ಮ ಅಥವಾ ಪರಿಚಯದವರ ತೋಟವೇ ಸರಿಯಾದ ಜಾಗ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಆಗುಂಬೆಯ ಸುತ್ತಲಿನ ಸೋಮೇಶ್ವರ ವನ್ಯಜೀವಿಧಾಮದಂಥ ರಕ್ಷಿತ ಪ್ರದೇಶಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ತುಣುಕನ್ನೂ ತೆಗೆಯುವಂತಿಲ್ಲ. ಅಲ್ಲಿ ಚಿತ್ರ ಮತ್ತು ಟಿಪ್ಪಣಿ ಸಾಕು.

ಇದು ಅಣಬೆಯೇ ಹೌದೇ?

ಲೋಳೆಯಂತಿರುವುದೆಲ್ಲ ಅಣಬೆಯಲ್ಲ. ನುಗ್ಗೆ, ಗೇರು ಮುಂತಾದ ಮರಗಳು ಗಾಯವಾದ ಜಾಗದಲ್ಲಿ ಸುರಿಸುವ ಗೋಂದು ಮಳೆಯಲ್ಲಿ ನೆನೆದು, ಥೇಟ್ ಕಂದು ಲೋಳೆ ಅಣಬೆಯಂತೆಯೇ ಉಬ್ಬಿರುತ್ತದೆ. ಕೊಳೆತ ಮರದ ಮೇಲೆ ಲೋಳೆಶಿಲೀಂಧ್ರ ಎಂದು ಕರೆಯಲಾಗುವ, ಆದರೆ ನಿಜವಾಗಿ ಶಿಲೀಂಧ್ರವೇ ಅಲ್ಲದ ಜೀವಿಗಳೂ ಬಿಳಿ ಅಥವಾ ಹಳದಿ ಮುದ್ದೆಯಾಗಿ ಹರಡಿರುತ್ತವೆ. ಸಾಸಿವೆಕಾಳಿನಷ್ಟು ತುಣುಕನ್ನು ಒಂದು ಹನಿ ನೀರಿನಲ್ಲಿಟ್ಟು, ಕವರ್‌ಸ್ಲಿಪ್ ಮುಚ್ಚಿ, ಒತ್ತಿ ನೋಡಿ. ಅಣಬೆಯಾದರೆ ಕವಲೊಡೆದ, ಒಳಗೆ ಅಡ್ಡಗೋಡೆಗಳಿರುವ ಎಳೆಗಳ ಜಾಲ ಕಾಣಬೇಕು. ಗೋಂದಿನಲ್ಲಿ ಏನೂ ಇರುವುದಿಲ್ಲ, ಅಲ್ಲಲ್ಲಿ ಸಿಕ್ಕಿಬಿದ್ದ ಧೂಳಿನ ಕಣಗಳ ಹೊರತು.

ಬೀಜಕಗಳನ್ನು ಬೀಳಿಸಿಕೊಳ್ಳುವುದು

ಮನೆಗೆ ಬಂದ ದಿನವೇ ಮಾಡಬೇಕಾದ ಕೆಲಸ ಇದು. ಅಣಬೆಯ ಬೆರಳುಗುರಿನಷ್ಟು ಭಾಗವನ್ನು ಕತ್ತರಿಸಿ, ಬೀಜಕ ಬಿಡುವ ಮೈ ಕೆಳಮುಖವಾಗಿರುವಂತೆ ಡಬ್ಬಿಯ ಮುಚ್ಚಳದ ಒಳಬದಿಗೆ ಒಂದು ಹನಿ ವ್ಯಾಸಲಿನ್‌ನಿಂದ ಅಂಟಿಸಿ, ಕೆಳಗೆ ಶುಭ್ರವಾದ ಗಾಜಿನ ಸ್ಲೈಡ್ ಇಟ್ಟು, ಮೂಲೆಯಲ್ಲಿ ಒದ್ದೆ ಹತ್ತಿಯ ಉಂಡೆ ಇರಿಸಿ ರಾತ್ರಿಯಿಡೀ ಬಿಡಿ. ಕಿವಿಯಾಕಾರದವುಗಳಲ್ಲಿ ಸಾಮಾನ್ಯವಾಗಿ ನೆಲದ ಕಡೆ ನೋಡುವ ನುಣುಪಾದ ಮೈ ಬೀಜಕ ಬಿಡುತ್ತದೆ. ಮುದ್ದೆಯಾಗಿರುವವುಗಳಲ್ಲಿ ಬಹುಪಾಲು ಇಡೀ ಹೊರಮೈ ಬಿಡುತ್ತದೆ. ಬೆಳಿಗ್ಗೆ ಸ್ಲೈಡಿನ ಮೇಲೆ ತೆಳುವಾದ ಮಂಜಿನಂಥ ಪದರ ಕಂಡರೆ ಕೆಲಸ ಆದಂತೆ.

ಈ ಶ್ರಮ ಏಕೆಂದರೆ, ಹೀಗೆ ತಾವಾಗಿ ಬಿದ್ದ ಬೀಜಕಗಳು ಮಾತ್ರ ಖಚಿತವಾಗಿ ಬಲಿತವು. ಅಣಬೆಯನ್ನು ಜಜ್ಜಿ ತೆಗೆದ ಬೀಜಕಗಳಲ್ಲಿ ಎಳೆಯವೂ ಸೇರಿ ಅಳತೆ ಕೆಡುತ್ತದೆ. ಮುಂದೆ ವಿವರಿಸುವ ಡ್ಯಾಕ್ರಿಮೈಸಿಸ್ ವರ್ಗದ ಲೋಳೆ ಅಣಬೆಗಳಲ್ಲಂತೂ ಬೀಜಕದ ಒಳಗೋಡೆಗಳು ಮೂಡುವುದೇ ಅದು ಬೆಸಿಡಿಯಮ್‌ನಿಂದ ಕಳಚಿದ ಮೇಲೆ. ಉದುರಿದ ಬೀಜಕ ಇಲ್ಲದೆ ಆ ಗೋಡೆಗಳನ್ನು ಎಣಿಸುವುದು ಸಾಧ್ಯವಿಲ್ಲ. ಸ್ಲೈಡ್ ತೀರ ಒದ್ದೆಯಾಗದಂತೆ ನೋಡಿಕೊಳ್ಳಿ. ನೀರು ನಿಂತರೆ ಬೀಜಕಗಳು ಮೊಳೆತು, ಕೆಲವು ತಮ್ಮದೇ ರೂಪದ ಎರಡನೆಯ ಬೀಜಕವನ್ನು ಹುಟ್ಟಿಸುತ್ತವೆ, ಟ್ರೆಮೆಲ್ಲಾದವು ಯೀಸ್ಟ್‌ನಂತೆ ಮೊಗ್ಗೊಡೆಯುತ್ತವೆ. ಇವು ನೋಡಲು ಸೊಗಸಾದರೂ ಅಳತೆಗೆ ಬರುವುದಿಲ್ಲ.

ಕೊಯ್ಯುವುದು, ಬಣ್ಣ ಹಾಕುವುದು

ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಪೂರ್ತಿ ಉಬ್ಬಿದ ಲೋಳೆ ಬ್ಲೇಡಿಗೆ ಸಿಗದೆ ಜಾರುತ್ತದೆ. ಅದಕ್ಕಾಗಿ ತುಣುಕನ್ನು ಒಂದೆರಡು ಗಂಟೆ ನೆರಳಿನಲ್ಲಿ ಆರಲು ಬಿಟ್ಟು, ಹಸಿ ತೊಗಲಿನಷ್ಟು ಗಟ್ಟಿಯಾದಾಗ, ಸೀಳಿದ ಕ್ಯಾರೆಟ್ ತುಂಡಿನ ಅಥವಾ ಥರ್ಮೋಕೋಲಿನ ನಡುವೆ ಸಿಕ್ಕಿಸಿ, ಹೊಸ ಬ್ಲೇಡಿನಿಂದ ಮೇಲ್ಮೈಗೆ ಲಂಬವಾಗಿ ತೆಳುವಾದ ಪದರಗಳನ್ನು ಕೊಯ್ಯಿರಿ. ಪಿಯುಸಿಯಲ್ಲಿ ಕಾಂಡದ ಸೀಳು ತೆಗೆದವರಿಗೆ ಈ ಕೈಚಳಕ ಹೊಸದಲ್ಲ. ಇಪ್ಪತ್ತು ಸೀಳು ತೆಗೆದರೆ ಎರಡೋ ಮೂರೋ ನೋಡಲು ಯೋಗ್ಯವಾಗಿರುತ್ತವೆ. ಅಂಚಿನಲ್ಲಿ ಬೆಳಕು ಹಾಯುವಷ್ಟು ತೆಳುವಾದದ್ದನ್ನು ಆರಿಸಿಕೊಳ್ಳಿ.

ಆರಿಸಿದ ಸೀಳನ್ನು ಶೇಕಡ 3ರ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದ ಹನಿಯಲ್ಲಿ ಇಡಬೇಕು. 100 ಮಿಲಿಲೀಟರ್ ದ್ರಾವಣಕ್ಕೆ 3 ಗ್ರಾಂ ಸಾಕು. ಇದು ಚರ್ಮ ಮತ್ತು ಕಣ್ಣನ್ನು ಸುಡುವ ಕ್ಷಾರ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು, ಸೂಕ್ಷ್ಮದರ್ಶಕದ ಮಸೂರಕ್ಕೂ ತಾಗಬಾರದು. ಈ ಕ್ಷಾರವು ಒಣಗಿ ಕುಗ್ಗಿದ ಕೋಶಗಳನ್ನು ಮೊದಲಿನಂತೆ ಉಬ್ಬಿಸಿ, ಲೋಳೆಯನ್ನು ಸಡಿಲಗೊಳಿಸುತ್ತದೆ. ಒಂದೆರಡು ನಿಮಿಷದ ನಂತರ ಕಾಂಗೋ ರೆಡ್‌ನ ಒಂದು ಹನಿ ಸೇರಿಸಿ, ಹೆಚ್ಚಿನ ಬಣ್ಣವನ್ನು ಸೋಸುಕಾಗದದ ಅಂಚಿನಿಂದ ಹೀರಿ ತೆಗೆದು, ಕವರ್‌ಸ್ಲಿಪ್ ಮುಚ್ಚಿ. ಬಣ್ಣವಿಲ್ಲದ ಲೋಳೆಯಲ್ಲಿ ಬಣ್ಣವಿಲ್ಲದ ಕೋಶ ಗಾಜಿನ ಮೇಲಿನ ನೀರಿನ ಗುರುತಿನಂತೆ ಮರೆಯಾಗುತ್ತದೆ. ಕೋಶದ ಗೋಡೆ ಕೆಂಪಾದ ಮೇಲೆ ಮಾತ್ರ ಅದರ ಆಕಾರ ಎದ್ದು ಬರುತ್ತದೆ. ಕೊನೆಗೆ ಕವರ್‌ಸ್ಲಿಪ್ ಮೇಲೆ ಪೆನ್ಸಿಲಿನ ರಬ್ಬರ್ ತುದಿಯಿಂದ ಮೆಲ್ಲನೆ ಹತ್ತಾರು ಬಾರಿ ತಟ್ಟಿ. ಕೋಶಗಳು ಒಂದರಿಂದೊಂದು ಬಿಡಿಸಿಕೊಳ್ಳಬೇಕು, ಒಡೆಯಬಾರದು. ಆ ಒತ್ತಡ ಎಷ್ಟಿರಬೇಕೆಂಬುದನ್ನು ಬೆರಳೇ ಕಲಿಯಬೇಕು.

ಬೆಸಿಡಿಯಮ್ ಹುಡುಕುವುದು

ಕಾಲೇಜು ಮಟ್ಟದ ಸೂಕ್ಷ್ಮದರ್ಶಕ ಸಾಕು, ಆದರೆ 40ರ ಮಸೂರವೂ ಎಣ್ಣೆ ಹಾಕಿ ನೋಡುವ 100ರ ಮಸೂರವೂ (10ರ ಕಣ್ಣುಮಸೂರದೊಂದಿಗೆ ಒಟ್ಟು 400 ಮತ್ತು 1000 ಪಟ್ಟು) ಇರಬೇಕು. ಸುಮಾರು 140 ಪಟ್ಟು ಹಿಗ್ಗಿಸುವ ಕಾಗದದ ಫೋಲ್ಡ್‌ಸ್ಕೋಪ್ ಎಳೆಗಳ ಜಾಲವನ್ನು ತೋರಿಸುತ್ತದೆ, ಬೆಸಿಡಿಯಮ್‌ನ ಗೋಡೆಗಳನ್ನು ನಂಬುವಷ್ಟು ಸ್ಪಷ್ಟವಾಗಿ ತೋರಿಸುವುದಿಲ್ಲ.

ಮೊದಲು 10ರ ಮಸೂರದಲ್ಲಿ ಸೀಳಿನ ಅಂಚನ್ನು ಹಿಡಿದು, ನಂತರ 40ಕ್ಕೆ ಹೋಗಿ ಸ್ಲೈಡಿನ ಕೆಳಗೆ ಬೆಳಕನ್ನು ಕೂಡಿಸುವ ಕಂಡೆನ್ಸರ್‌ನ ಕಿಂಡಿಯನ್ನು ಸ್ವಲ್ಪ ಕಿರಿದು ಮಾಡಿ. ಇಲ್ಲೊಂದು ಎಚ್ಚರ ಬೇಕು. ಲೋಳೆ ಅಣಬೆಗಳಲ್ಲಿ ಬೆಸಿಡಿಯಮ್ ಬಹಳ ಸಲ ಮೇಲ್ಮೈಯಲ್ಲಿ ಇರುವುದಿಲ್ಲ. ಅದು ಲೋಳೆಯ ಒಳಗೆ ಹುದುಗಿದ್ದು, ಅಲ್ಲಿಂದ ಉದ್ದನೆಯ ಕೊಳವೆಗಳನ್ನು ಮೇಲ್ಮೈವರೆಗೆ ಕಳಿಸಿ, ಅವುಗಳ ತುದಿಯಲ್ಲಿ ಬೀಜಕ ಹೊರುತ್ತದೆ. ಅಂಚನ್ನಷ್ಟೇ ನೋಡಿದವರಿಗೆ ಕೊಳವೆಗಳು ಸಿಗುತ್ತವೆ, ಕೋಶ ಸಿಗುವುದಿಲ್ಲ. ಆದ್ದರಿಂದ ಅಂಚಿನಿಂದ ಒಂದಿಷ್ಟು ಒಳಕ್ಕೆ ಸರಿಯುತ್ತ, ಫೋಕಸ್ ಗುಂಡಿಯನ್ನು ನಿರಂತರವಾಗಿ ಹಿಂದೆ ಮುಂದೆ ಆಡಿಸುತ್ತ ನೋಡಬೇಕು.

ಹೀಗೆ ನೋಡುವಾಗ ಸಿಗುವುದು ಹೆಚ್ಚಾಗಿ ಮೂರು ಬಗೆಗಳಲ್ಲಿ ಒಂದು.

ಮೊದಲನೆಯದು ನೀಳವಾದ ಕೊಳವೆಯಾಕಾರದ ಕೋಶ, ಮೂರು ಅಡ್ಡಗೋಡೆಗಳಿಂದ ನಾಲ್ಕು ಕೋಣೆಗಳಾಗಿ ಭಾಗವಾದದ್ದು, ಗೆಣ್ಣುಗಳಿರುವ ಬಿದಿರಿನ ತುಂಡಿನಂತೆ. ಇದು ಔರಿಕ್ಯುಲೇರಿಯಾ, ನಮ್ಮ ಕಡೆಯ ಕಿವಿ ಅಣಬೆ. ಸುಮಾರು 50ರಿಂದ 80 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಉದ್ದವಿರುವ ಈ ಕೋಶಗಳು ಒತ್ತೊತ್ತಾಗಿ ನಿಂತಿರುವುದರಿಂದ, ಚೆನ್ನಾಗಿ ತಟ್ಟಿ ಬಿಡಿಸದ ಹೊರತು ಗೋಡೆಗಳು ಕಾಣವು. ಬೀಜಕಗಳು ಗೋಡಂಬಿಯಂತೆ ಬಾಗಿರುತ್ತವೆ.

ಎರಡನೆಯದು ದುಂಡಗಿನ ಅಥವಾ ಮೊಟ್ಟೆಯಾಕಾರದ ಕೋಶ, ಮೇಲಿನಿಂದ ಕೆಳಕ್ಕೆ ಉದ್ದಗೋಡೆಗಳಿಂದ ಭಾಗವಾದದ್ದು. ಎಣ್ಣೆಗಾಯಿಗೆಂದು ತೊಟ್ಟು ಉಳಿಸಿ ನಾಲ್ಕಾಗಿ ಸೀಳಿದ ಬದನೆಕಾಯಿಯನ್ನು ನೆನಪಿಸಿಕೊಂಡರೆ ಸಾಕು. ಪಕ್ಕದಿಂದ ನೋಡುವಾಗ ಒಂದು ಗೆರೆ ಮಾತ್ರ ಕಾಣಬಹುದು. ಕೋಶ ಉರುಳಿ ಅದರ ನೆತ್ತಿ ನಮ್ಮ ಕಡೆ ತಿರುಗಿದಾಗ ಕೂಡಿಸುವ ಚಿಹ್ನೆಯಂಥ ಶಿಲುಬೆ ಎದ್ದು ಕಾಣುತ್ತದೆ. ಇದು ಟ್ರೆಮೆಲ್ಲಾ ಅಥವಾ ಎಕ್ಸಿಡಿಯಾ ಕಡೆಯದು. ಇವೆರಡನ್ನು ಬಿಡಿಸುವುದು ಬೀಜಕ: ಟ್ರೆಮೆಲ್ಲಾದ್ದು ದುಂಡಗೆ ಅಥವಾ ಮೊಟ್ಟೆಯಂತೆ, ಎಕ್ಸಿಡಿಯಾದ್ದು ಉದ್ದವಾಗಿ ಬಾಗಿದಂತೆ. ಟ್ರೆಮೆಲ್ಲಾ ಫ್ಯೂಸಿಫಾರ್ಮಿಸ್‌ನ ಬೀಜಕಗಳು ಸುಮಾರು 5ರಿಂದ 8 ಮೈಕ್ರಾನ್ ಉದ್ದವಿದ್ದರೆ, ಟ್ರೆಮೆಲ್ಲಾ ಮೆಸೆಂಟೆರಿಕಾದವು 10ರಿಂದ 16 ಮೈಕ್ರಾನ್‌ವರೆಗೆ ಬೆಳೆಯುತ್ತವೆ.

ಮೂರನೆಯದರಲ್ಲಿ ಗೋಡೆಯೇ ಇಲ್ಲ. ತೆಳ್ಳನೆಯ ಕೋಶ ಮೇಲೆ ಎರಡಾಗಿ ಕವಲೊಡೆದು, ಕವೆಗೋಲಿನಂತೆ ನಿಂತಿರುತ್ತದೆ. ಪ್ರತಿ ತೋಳಿನ ತುದಿಗೆ ಒಂದೊಂದರಂತೆ ಎರಡೇ ಬೀಜಕ. ಇದು ಡ್ಯಾಕ್ರಿಮೈಸಿಸ್ ವರ್ಗ. ನಾನು ಟ್ರೆಮೆಲ್ಲಾ ಎಂದು ಬರೆದುಕೊಂಡಿದ್ದ ಹಳದಿ ಮುದ್ದೆಗಳಲ್ಲಿ ಕಂಡದ್ದು ಇದೇ. ಅಂದು ಹಲವು ನಿಮಿಷ ಗೊಂದಲದ ಕೆಂಪು ಎಳೆಗಳಷ್ಟೇ ಕಾಣುತ್ತಿದ್ದ ಜಾಗದಲ್ಲಿ, ಫೋಕಸ್ ಒಂದು ಕೂದಲೆಳೆಯಷ್ಟು ಸರಿದದ್ದೇ ತಡ, ಎರಡು ತೋಳೆತ್ತಿದ ಒಂದು ಕೋಶ ತಿಳಿಯಾಗಿ ಎದುರಿಗೆ ಬಂತು. ಅದರ ಒಂದು ತೋಳಿನ ತುದಿಯಲ್ಲಿ ಬೀಜಕ ಇನ್ನೂ ಕೂತಿತ್ತು. ಒಂದು ಸಿಕ್ಕ ಮೇಲೆ ಅದರ ಸುತ್ತ ಅಂಥವೇ ಹತ್ತಾರು ಇದ್ದದ್ದು ಕಣ್ಣಿಗೆ ಹೊಳೆಯಿತು.

ಬೇಲಿಗೂಟ, ಹಳೆಯ ಮರದ ಬೆಂಚು, ಸೀಳಿದ ದಿಮ್ಮಿಗಳ ಬಿರುಕಿನಿಂದ ಚಪ್ಪಟೆ ಸೌಟಿನಂತೆ ಏಳುವ ಕಿತ್ತಳೆ ಬಣ್ಣದ ಡ್ಯಾಕ್ರಿಯೋಪಿನ್ಯಾಕ್ಸ್ ಸ್ಪಾತುಲೇರಿಯಾ ಈ ವರ್ಗದಲ್ಲಿ ನಮಗೆ ಹೆಚ್ಚು ಸಿಗುವಂಥದು. ಬಲಿತ ಬೀಜಕದಲ್ಲಿ ಒಂದೇ ಅಡ್ಡಗೋಡೆ ಇದ್ದು, ಉದ್ದ 7ರಿಂದ 10 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಹನಿಯಂತೆ ಕೂರುವ ಡ್ಯಾಕ್ರಿಮೈಸಿಸ್ ಜಾತಿಗಳಲ್ಲಿ ಹಲವಕ್ಕೆ ಮೂರು ಗೋಡೆಗಳಿರುತ್ತವೆ, ಕೆಲವಕ್ಕೆ ಇನ್ನೂ ಹೆಚ್ಚು.

ಒಂದೇ ಕೋಶ ನೋಡಿ ತೀರ್ಮಾನಿಸಬಾರದು. ಎಳೆಯ ಟ್ರೆಮೆಲ್ಲಾ ಕೋಶದಲ್ಲಿ ಗೋಡೆ ಇನ್ನೂ ಮೂಡಿರುವುದಿಲ್ಲ. ಎಳೆಯ ಡ್ಯಾಕ್ರಿಮೈಸಿಸ್ ಕೋಶ ಕವಲೊಡೆಯದೆ ನೇರ ಕಡ್ಡಿಯಂತಿರುತ್ತದೆ. ಬಲಿತ ಐದಾರು ಕೋಶಗಳು ಒಂದೇ ಮಾತು ಹೇಳುವವರೆಗೆ ಹುಡುಕಬೇಕು. ಬಲಿತವು ಸಿಗದಿದ್ದರೆ ಮಾದರಿಯನ್ನು ಒದ್ದೆ ಡಬ್ಬಿಯಲ್ಲಿ ಒಂದೆರಡು ದಿನ ಇಟ್ಟು ಮತ್ತೆ ಪ್ರಯತ್ನಿಸಿ.

ಮೂರಕ್ಕೂ ಹೊಂದದಿದ್ದರೆ

ಅಪರೂಪದ್ದು ಕೈಗೆ ಸಿಕ್ಕಿರುವ ಸುಳಿವು ಇಲ್ಲಿಂದ ಶುರುವಾಗುತ್ತದೆ. ಉದ್ದಗೋಡೆಯ ಬೆಸಿಡಿಯಮ್‌ಗಳು ಒಂದರ ತಲೆಯ ಮೇಲೊಂದು ಮಣಿಸರದಂತೆ ಪೋಣಿಸಿಕೊಂಡಿದ್ದರೆ ಅದು ಸೈರೋಬೆಸಿಡಿಯಮ್ ಆಗಿರಬಹುದು. ಈ ಕುಲವನ್ನು ವಿವರಿಸಿದ್ದು 1892ರಲ್ಲಿ, ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ ಸಿಕ್ಕ ಮಾದರಿಗಳಿಂದ. ಸರ ಕಂಡರೆ ತಟ್ಟುವುದನ್ನು ನಿಲ್ಲಿಸಿ ಕೂಡಲೇ ಚಿತ್ರ ತೆಗೆಯಿರಿ; ಒತ್ತಡ ಹೆಚ್ಚಾದರೆ ಮಣಿಗಳು ಚದುರಿ, ಸಾಮಾನ್ಯ ಟ್ರೆಮೆಲ್ಲಾದಂತೆ ಕಾಣತೊಡಗುತ್ತವೆ.

ಒಂದೇ ಸೀಳಿನಲ್ಲಿ ಕವೆಗೋಲಿನ ಕೋಶಗಳೂ ಉದ್ದಗೋಡೆಯ ದುಂಡು ಕೋಶಗಳೂ ಒಟ್ಟಿಗೆ ಕಂಡರೆ ನಿಮ್ಮ ಕಣ್ಣನ್ನು ಸಂಶಯಿಸಬೇಡಿ. ಡ್ಯಾಕ್ರಿಮೈಸಿಸ್‌ನ ಮೈಯೊಳಗೇ ಪರಾವಲಂಬಿಯಾಗಿ ಬದುಕುವ ಟ್ರೆಮೆಲ್ಲಾ ಜಾತಿಗಳಿವೆ, ಹೊರಗಿನಿಂದ ಅವುಗಳ ಸುಳಿವು ಸಿಗುವುದೇ ಕಷ್ಟ. ಆಗ 100ರ ಮಸೂರದಲ್ಲಿ ಹಾಸ್ಟೋರಿಯಂ ಎಂಬ ಹೀರುಕೋಶಗಳನ್ನು ಹುಡುಕಿ: ಬುಡದಲ್ಲಿ ಕ್ಲ್ಯಾಂಪ್ ಗಂಟು (ಅಡ್ಡಗೋಡೆಯ ಪಕ್ಕದ ಪುಟ್ಟ ಕೊಕ್ಕೆಯಂಥ ಉಬ್ಬು) ಇರುವ ಪುಟ್ಟ ಉಬ್ಬಿದ ಕೋಶ, ಅದರಿಂದ ಹೊರಟು ಪಕ್ಕದ ಶಿಲೀಂಧ್ರದ ಎಳೆಯನ್ನು ಮುಟ್ಟುವ ಸೂಜಿಯಂಥ ತಂತು. ಆ ಸ್ಪರ್ಶವನ್ನು ಒಮ್ಮೆ ಕಣ್ಣಾರೆ ಕಂಡರೆ, ದಿಮ್ಮಿಯ ಬಳಿ ಕಪ್ಪು ಹುಡಿಯನ್ನೂ ಸೇರಿಸಿ ಕೆತ್ತಿ ತಂದದ್ದು ಏಕೆಂದು ಬೇರೆ ವಿವರಣೆ ಬೇಕಿಲ್ಲ.

ಬೆಸಿಡಿಯಮ್ ಎಲ್ಲಿಯೂ ಇಲ್ಲದೆ, ಸಾಮಾನ್ಯವಾಗಿ ಎಂಟು ಬೀಜಕಗಳನ್ನು ಒಳಗೇ ಇಟ್ಟುಕೊಂಡ ಉದ್ದ ಚೀಲಗಳು ಸಾಲಾಗಿ ಕಂಡರೆ, ನಿಮ್ಮದು ಲೋಳೆ ಅಣಬೆಯ ವೇಷದ ಆಸ್ಕೊಮೈಸೀಟ್, ಎಂದರೆ ಚೀಲದೊಳಗೆ ಬೀಜಕ ಬೆಳೆಸುವ ಬೇರೆಯೇ ಗುಂಪಿನ ಶಿಲೀಂಧ್ರ. ಯುರೋಪಿನ ಓಕ್ ದಿಮ್ಮಿಗಳ ಮೇಲೆ ಬೆಳೆಯುವ ಬಲ್ಗೇರಿಯಾ ಇಂಕ್ವಿನಾನ್ಸ್ ಎಂಬ ಕಪ್ಪು ಬಟ್ಟಲಿನ ಚೀಲದಲ್ಲಿ ಮೇಲಿನ ನಾಲ್ಕು ಬೀಜಕಗಳು ಕಪ್ಪಗೂ ಕೆಳಗಿನ ನಾಲ್ಕು ಬಣ್ಣವಿಲ್ಲದೆಯೂ ಇರುತ್ತವೆ. ಚೀಲಗಳಿಗೆ ಲ್ಯೂಗಾಲ್ ಅಯೋಡಿನ್ ಒಂದು ಹನಿ ಹಾಕಿದರೆ ಕೆಲವು ಜಾತಿಗಳಲ್ಲಿ ತುದಿ ನೀಲಿಯಾಗುತ್ತದೆ, ಅದನ್ನೂ ಬರೆದುಕೊಳ್ಳಿ.

ಅಳತೆ ಮತ್ತು ಹೆಸರು

ಅಳೆಯುವ ಮೊದಲು ಕಣ್ಣುಮಸೂರದ ಮೈಕ್ರೋಮೀಟರನ್ನು (ಅದರೊಳಗಿನ ಅಳತೆಗೆರೆಗಳನ್ನು) ಸ್ಟೇಜ್ ಮೈಕ್ರೋಮೀಟರಿನೊಂದಿಗೆ, ಎಂದರೆ ಗೊತ್ತಾದ ಅಳತೆ ಕೆತ್ತಿರುವ ಸ್ಲೈಡಿನೊಂದಿಗೆ, ಹೊಂದಿಸಬೇಕು. ಸ್ಟೇಜ್ ಮೈಕ್ರೋಮೀಟರಿನಲ್ಲಿ 1 ಮಿಲಿಮೀಟರ್ 100 ಭಾಗಗಳಾಗಿರುವುದರಿಂದ ಒಂದು ಭಾಗ 10 ಮೈಕ್ರಾನ್. 40ರ ಮಸೂರದಲ್ಲಿ ಕಣ್ಣುಮಸೂರದ 40 ಗೆರೆಗಳು ಸ್ಟೇಜಿನ 10 ಭಾಗಗಳಿಗೆ ಸರಿಹೊಂದಿದರೆ, ಕಣ್ಣುಮಸೂರದ ಒಂದು ಗೆರೆ 2.5 ಮೈಕ್ರಾನ್ ಆಯಿತು. ಪ್ರತಿ ಮಸೂರಕ್ಕೂ ಇದನ್ನು ಬೇರೆಯಾಗಿ ಮಾಡಿ ಡಬ್ಬಿಯ ಮೇಲೆ ಬರೆದಿಡಿ. ಉದುರಿದ ಬೀಜಕಗಳಲ್ಲಿ ಕನಿಷ್ಠ 20ನ್ನು, ಸಾಧ್ಯವಾದರೆ 30ನ್ನು, ಉದ್ದ ಮತ್ತು ಅಗಲ ಎರಡೂ ಅಳೆದು, ಸರಾಸರಿಯ ಜೊತೆಗೆ ಅತಿ ಚಿಕ್ಕದು ಮತ್ತು ಅತಿ ದೊಡ್ಡದನ್ನೂ ದಾಖಲಿಸಿ.

ಕಿವಿ ಅಣಬೆಯಾದರೆ ಇನ್ನೊಂದು ಸೀಳು ಬೇಕು. ಮೇಲ್ಮೈಯಿಂದ ಅಡಿಮೈವರೆಗಿನ ಪೂರ್ತಿ ಅಡ್ಡಸೀಳಿನಲ್ಲಿ ಹೊರಮೈಯ ರೋಮಗಳ ಉದ್ದ, ಅವು ಬಿಡಿಯಾಗಿವೆಯೋ ಗುಂಪಾಗಿವೆಯೋ, ಒಳಪದರಗಳು ಎಷ್ಟು ದಟ್ಟವಾಗಿವೆ ಎಂಬುದನ್ನು ನೋಡಬೇಕು. ಅಡಿಮೈ ಜೇನುಹಲ್ಲೆಯಂತೆ ಬಲೆಬಲೆಯಾಗಿದ್ದರೆ ಔರಿಕ್ಯುಲೇರಿಯಾ ಡೆಲಿಕೇಟಾದ ಬಳಗ ಎಂದು ಬರಿಗಣ್ಣೇ ಹೇಳುತ್ತದೆ. ನುಣುಪಾಗಿದ್ದರೆ ಮಾತ್ರ ಅವಸರ ಬೇಡ. ಕಂದು ಕಿವಿಗಳೆಲ್ಲಕ್ಕೂ ಔರಿಕ್ಯುಲೇರಿಯಾ ಆರಿಕ್ಯುಲಾ ಜೂಡೇ ಎಂದು ಬರೆಯುವ ರೂಢಿ ನಮ್ಮಲ್ಲಿ ಬಹುಕಾಲದಿಂದಿದೆ. ಆದರೆ ಡಿಎನ್ಎ ಅಧ್ಯಯನಗಳ ನಂತರ ಆ ಹೆಸರು ಯುರೋಪಿನ ಜಾತಿಗೆ ಸೀಮಿತವಾಗಿದೆ. ಚೀನಾದಲ್ಲಿ ಆ ಹೆಸರಿನಲ್ಲೇ ಬೆಳೆಸುತ್ತಿದ್ದ ಅಣಬೆಗೂ 2014ರಲ್ಲಿ ಔರಿಕ್ಯುಲೇರಿಯಾ ಹೈಮುವರ್ ಎಂಬ ಬೇರೆ ಹೆಸರು ಬಂತು. ಸೂಕ್ಷ್ಮದರ್ಶಕ ಕುಲದವರೆಗೆ ಗಟ್ಟಿಯಾಗಿ ಕರೆದೊಯ್ಯುತ್ತದೆ, ಜಾತಿಯ ಹೆಸರಿಗೆ ಹಲವು ಸಲ ಡಿಎನ್ಎ ಬೇಕು. ಅಷ್ಟರವರೆಗೆ ಕುಲದ ಹೆಸರಿನಲ್ಲೇ ನಿಲ್ಲುವುದು ಸರಿಯಾದ ದಾಖಲೆ ಎಂದು ನಾನು ನಂಬಿದ್ದೇನೆ. ಹೀಗೆ ಗುರುತಿಸಿದ್ದೇವೆಂಬ ಧೈರ್ಯದ ಮೇಲೆ ಯಾವುದನ್ನೂ ಅಡುಗೆಗೆ ತೆಗೆದುಕೊಂಡು ಹೋಗಬಾರದು.

ಉಳಿದ ಮಾದರಿಯನ್ನು ತೊಗಟೆಯ ಸಮೇತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಕಾಗದದ ಲಕೋಟೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟ ಸುಲಭವೆನಿಸಿದರೂ ಅಲ್ಲಿನ ಶಾಖ ಹಿಡಿತಕ್ಕೆ ಸಿಗದು, ಹೊಗೆಯ ಮಸಿಯೂ ಮೆತ್ತಿಕೊಳ್ಳುತ್ತದೆ. ಬೀಜಕ ಬಿದ್ದ ಸ್ಲೈಡನ್ನೂ ಅದೇ ಸಂಖ್ಯೆ ಬರೆದು ಜೊತೆಗಿಡಿ. ಲಕೋಟೆಯ ಮೇಲೆ ದಿನಾಂಕ, ಊರು, ಮರ, ತಾಜಾ ಇದ್ದಾಗಿನ ಬಣ್ಣ, ಪಕ್ಕದಲ್ಲಿದ್ದ ಶಿಲೀಂಧ್ರ, ಬೆಸಿಡಿಯಮ್‌ನ ಬಗೆ, ಬೀಜಕದ ಅಳತೆ ಇಷ್ಟಿರಲಿ. ಬೆಸಿಡಿಯಮ್‌ನ ರೇಖಾಚಿತ್ರವನ್ನು ಪೆನ್ಸಿಲಿನಲ್ಲೇ ಬಿಡಿಸಿ ಒಳಗಿಡಿ. ಫೋನಿನ ಚಿತ್ರ ಒಂದು ಫೋಕಸ್ ಮಟ್ಟವನ್ನಷ್ಟೇ ಹಿಡಿಯುತ್ತದೆ. ಗುಂಡಿ ತಿರುಗಿಸುತ್ತ ಕೋಶದ ನೆತ್ತಿಯಿಂದ ಬುಡದವರೆಗೆ ಕಂಡದ್ದನ್ನೆಲ್ಲ ಒಂದೇ ಚಿತ್ರದಲ್ಲಿ ಕೂಡಿಸಬಲ್ಲದ್ದು ಕೈ ಮಾತ್ರ.